ಬುಡ ಭದ್ರವಿದ್ದರೆ ನೌಕೆ ನಿಂತೀತು

ಡ್ಯಾನ್‌ವಿಲ್‌ನ ನಮ್ಮ ಮನೆಯಲ್ಲಿ ನವರಾತ್ರಿಗೆ ಏಳು ಮೆಟ್ಟಿಲಿನ ಗೊಂಬೆ ಕೂರಿಸುತ್ತೇವೆ. ಮೇಲೆ ಮೈಸೂರಿನಿಂದ ತಂದ ಪಟ್ಟದ ಗೊಂಬೆಗಳು, ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು. 2015ರಲ್ಲಿ, ಹನ್ನೆರಡು ವರ್ಷದ ಮಗ ತನಗೂ ಒಂದು ಮೆಟ್ಟಿಲು ಬೇಕೆಂದ. ಗೆಳೆಯರೊಡನೆ ಮೇಜಿನ ಮೇಲೆ ಕಾಳಗ ಹೂಡುವ ಅಂತರಿಕ್ಷ ನೌಕೆಗಳು ಅವನವು. ಬೆರಳುದ್ದದ ಲೋಹದ ನೌಕೆಗಳಿಗೆ ತಾನೇ ಬಣ್ಣ ಬಳಿದಿದ್ದ. ದೇವರ ಪಕ್ಕದಲ್ಲಿ ಯುದ್ಧದ ಹಡಗೇ ಎಂದು ನಾವು ಹಿಂದೆಮುಂದೆ ನೋಡಿದೆವು. "ಪುಷ್ಪಕ ವಿಮಾನ ಇಡೋದಿಲ್ಲವೇ? ಇಡಲಿ ಬಿಡಿ" ಎಂದು ಅಜ್ಜಿಯೇ ತೀರ್ಪು ಕೊಟ್ಟರು.

ಆ ವರ್ಷ ನವರಾತ್ರಿ ಅಕ್ಟೋಬರ್ 13ಕ್ಕೆ ಮೊದಲಾಯಿತು. ಅದೇ ವಾರ ಪಕ್ಕದ ಸ್ಯಾನ್ ರಮೋನಿನಲ್ಲಿ ಸಣ್ಣ ಭೂಕಂಪಗಳ ಸಾಲೂ ಮೊದಲಾಯಿತು. ನೂರಾರು ಕಂಪನಗಳಲ್ಲಿ ಒಂದೂ 4ರ ಪ್ರಮಾಣ ಮುಟ್ಟಲಿಲ್ಲ; ಆದರೂ ಒಂದು ಸಂಜೆ ಮೆಟ್ಟಿಲುಗಳು ಗಡಗಡ ಎಂದವು. ಪಟ್ಟದ ಗೊಂಬೆಗಳು ಕದಲಲಿಲ್ಲ. ಎಂಟು ನೌಕೆಗಳಲ್ಲಿ ಆರು ಉರುಳಿ, ಒಂದರ ರೆಕ್ಕೆ ಮುರಿಯಿತು. "ಇನ್ನು ಇಡೋದಿಲ್ಲ" ಎಂದು ಮಗ ಅಳು ನುಂಗಿಕೊಂಡು ಎಲ್ಲವನ್ನೂ ಡಬ್ಬಿಗೆ ತುಂಬತೊಡಗಿದ. ಅಜ್ಜಿ ರಾಜನ ಗೊಂಬೆಯನ್ನು ಅವನ ಕೈಗಿತ್ತು, "ಇದರ ಬುಡ ನೋಡೋ" ಎಂದರು.

ಗೊಂಬೆಯ ಪೀಠ ಅಗಲ, ಭಾರವೆಲ್ಲ ಕೆಳಗೆ. ನೌಕೆಯದೋ ತಲೆಕೆಳಗು: ಭಾರ ಕಡ್ಡಿಯ ತುದಿಯಲ್ಲಿ, ತಳ ಹೆಬ್ಬೆರಳಗಲ. ಆಟದಲ್ಲಿ ತಳಕ್ಕೆ ಬೇರೆ ಕೆಲಸವೂ ಉಂಟು. 2012ರಲ್ಲಿ ಬಂದ ಎಕ್ಸ್-ವಿಂಗ್ ಆಟದಲ್ಲಿ ಚಿಕ್ಕ ನೌಕೆಯ ತಳ 40 ಮಿಲಿಮೀಟರ್ ಚೌಕ. ಗುಂಡು ಯಾವ ದಿಕ್ಕಿಗೆ ಹಾರಬಲ್ಲದೆಂಬ ಗೆರೆಗಳು ಅದರ ಮೇಲೆಯೇ ಇರುತ್ತವೆ. ಹಾಗಾಗಿ ಆಟದ ತಳಕ್ಕೆ ಕೈಹಚ್ಚದೆ, ಪ್ರದರ್ಶನಕ್ಕೆ ಬೇರೆಯೇ ಮಾಡಿದೆವು.

ಪ್ಲಾಸ್ಟಿಕ್ ಅಂಗಡಿಯಲ್ಲಿ ಪಾರದರ್ಶಕ ಅಕ್ರಿಲಿಕ್ ಹಾಳೆಯ ಚೂರುಗಳು ಅಗ್ಗಕ್ಕೆ ಸಿಕ್ಕವು. ಎರಡಂಗುಲದ ಬಿಲ್ಲೆ ಕತ್ತರಿಸಿ, ಅಡಿಗೆ ಅಗಲವಾದ ಉಕ್ಕಿನ ವಾಷರ್ ಅಂಟಿಸಿದೆವು. ನಡುವೆ ತೂತು ಕೊರೆದು, ಗಿಡ್ಡ ಅಕ್ರಿಲಿಕ್ ಕಡ್ಡಿ ನಿಲ್ಲಿಸಿದೆವು. ನಿಧಾನವಾಗಿ ಕೊರೆಯಬೇಕು, ಅವಸರಪಟ್ಟರೆ ಹಾಳೆ ಕರಗೀತು, ಇಲ್ಲವೇ ಬಿರಿದೀತು. ಕಣ್ಣಿಗೆ ರಕ್ಷಣೆಯ ಕನ್ನಡಕ ಮರೆಯಬಾರದು. ಸೂಪರ್ ಗ್ಲೂ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಬ್ಬು ಹಿಡಿಸುತ್ತದೆ, ಎಪಾಕ್ಸಿಯೇ ವಾಸಿ. ಕಡ್ಡಿಯ ತುದಿಗೂ ನೌಕೆಯ ಹೊಟ್ಟೆಗೂ ಪುಟ್ಟ ಅಯಸ್ಕಾಂತಗಳನ್ನು ಕೂರಿಸಿದರೆ, ಆಟದ ಹೊತ್ತಿಗೆ ನೌಕೆಯನ್ನು ಬಿಡಿಸಿಕೊಳ್ಳಬಹುದು. ಕೊನೆಗೆ, ಗಾಜಿನ ಸಾಮಾನು ಉರುಳದಂತೆ ಇಲ್ಲಿಯವರು ಕಪಾಟಿನಲ್ಲಿ ಬಳಸುವ ಮೇಣದಂಥ ಅಂಟು, ಕಡಲೆಕಾಳಿನಷ್ಟು, ತಳದಡಿಗೆ.

ಮುರಿದ ರೆಕ್ಕೆಯನ್ನು ಮಗ ತಾನೇ ಅಂಟಿಸಿದ. ವಿಜಯದಶಮಿಯ ಹೊತ್ತಿಗೆ ಎಂಟೂ ಮೆಟ್ಟಿಲೇರಿದ್ದವು. ಮುಂದಿನ ಕಂಪನಗಳಿಗೆ ಒಂದೂ ಬೀಳಲಿಲ್ಲ.

ಅಜ್ಜಿ ಈಗಿಲ್ಲ. ಮಗ ದೂರದೂರಿನಲ್ಲಿ ಕೆಲಸದಲ್ಲಿದ್ದಾನೆ. ಗೊಂಬೆ ಕೂರಿಸುವ ದಿನ ಫೋನು ಮಾಡಿ ಮೊದಲು ಕೇಳುವುದು ಒಂದೇ: "ಅಮ್ಮ, ಅಂಟು ಹಾಕಿದಿರಾ?"

ಬರುವ ನವರಾತ್ರಿಗೆ ಮುಂಚೆ, ನಿಲ್ಲದ ನೌಕೆಗಳಿರುವ ಮಕ್ಕಳು ನಮ್ಮ ಮನೆಗೆ ಬರಲಿ. ವಾಷರ್‌ಗಳು ಒಂದು ಡಬ್ಬಿ ಉಳಿದಿವೆ.