ಹೂದಾನಿಯಲ್ಲಿ ಕ್ಲೆಮಾಟಿಸ್



ಮಲ್ಲಿಗೆಯನ್ನು ಇಂದು ಬಿಡಿಸಿದರೆ ನಾಳೆ ಮತ್ತೆ ಮೊಗ್ಗು ದೊರೆಯುವುದು, ಬಳ್ಳಿಗೆ ಹಾನಿಯಿಲ್ಲ. ಇಂಗ್ಲೆಂಡಿನ ತೋಟಗಳಲ್ಲಿ ಗೋಡೆ ಕಮಾನುಗಳನ್ನು ತಬ್ಬಿ ಬೆಳೆಯುವ ಕ್ಲೆಮಾಟಿಸಿನ ವಿಷಯ ಹಾಗಲ್ಲ. ಇದರ ದೊಡ್ಡ ಹೂವಿನ ತಳಿಗಳಲ್ಲಿ ತೊಟ್ಟು ಗಿಡ್ಡ. ಹೂದಾನಿಗೆ ನೀಳವಾದ ಕಾಂಡ ಬೇಕೆಂದರೆ ಎಲೆ, ಕುಡಿ, ಇನ್ನೂ ಅರಳದ ಮೊಗ್ಗುಗಳ ಸಹಿತ ಹಂಬನ್ನೇ ಕತ್ತರಿಸಬೇಕಾಗುವುದು. ತೋಟಗಾರನ ಕೈ ಹಿಂಜರಿಯುವುದು ಸಹಜವೇ.

ಯಾವ ಬಳ್ಳಿಯನ್ನು ಕೊಯ್ಯಬೇಕೆಂಬುದರಲ್ಲಿಯೇ ಇದಕ್ಕೆ ಪರಿಹಾರವುಂಟು. ಮೇ ತಿಂಗಳಲ್ಲಿ ಹಳೆಯ ಕಾಂಡದ ಮೇಲೆ ಅರಳುವ ಜಾತಿಗಳನ್ನು ಮುಟ್ಟದಿರುವುದೇ ಲೇಸು. ಸರ್ರೆ ಪ್ರಾಂತದ ವೋಕಿಂಗಿನಲ್ಲಿ 1862ರಲ್ಲಿ ಮೊದಲು ಹೂಬಿಟ್ಟ ಕಡುನೇರಳೆಯ ಜಾಕ್‌ಮನಿಯಂಥವು ಹೊಸ ಚಿಗುರಿನ ಮೇಲೆ ಅರಳುವವು. ಚಳಿಗಾಲದ ಕೊನೆಗೆ ಇವನ್ನು ನೆಲದಿಂದ ಒಂದಡಿ ಎತ್ತರಕ್ಕೆ ಹೇಗೂ ಸವರಲೇಬೇಕು; ಬೇಸಗೆಯಲ್ಲಿ ನಾಲ್ಕು ಹಂಬು ತೆಗೆದರೆ ಬಳ್ಳಿ ಬಡವಾಗದು. ಹಬ್ಬದೆ ನೆಟ್ಟಗೆ ನಿಂತು ಗಂಟೆಯಂಥ ಹೂ ತೂಗುವ ಇಂಟೆಗ್ರಿಫೋಲಿಯ ಎಂಬ ಜಾತಿಯಂತೂ ಕೊಯ್ಲಿಗೆಂದೇ ಹುಟ್ಟಿದಂತಿದೆ. ನೆಡುವಾಗ ಬುಡವು ಎರಡು ಮೂರು ಅಂಗುಲ ಮಣ್ಣಿನೊಳಗಿರಲಿ. ಸೊರಗುರೋಗವು ಮೇಲಿನದನ್ನೆಲ್ಲ ಕೊಂದರೂ ಹೂತ ಗೆಣ್ಣುಗಳಿಂದ ಚಿಗುರು ಬರುವುದು.

ನಾವು ದಳವೆನ್ನುವುದು ಇಲ್ಲಿ ದಳವಲ್ಲ, ಬಣ್ಣವೇರಿದ ಪುಷ್ಪಪತ್ರ. ಚೆನ್ನಾಗಿ ನೀರೇರಿದರೆ ಹೂವು ಒಂದು ವಾರ ಬಾಳುವುದು. ಏರದಿದ್ದರೆ ಸಂಜೆಗೇ ತಲೆ ಬಾಗುವುದು. ಆದುದರಿಂದ ಮುಂಜಾನೆ, ಅರೆಬಿರಿದ ಹೂವನ್ನೇ ಕೊಯ್ಯಬೇಕು. ಕಾಂಡದ ತುದಿಯನ್ನು ಅರ್ಧ ನಿಮಿಷ ಕುದಿನೀರಿನಲ್ಲಿ ಅದ್ದಿ, ಹಬೆಯು ಹೂವಿಗೆ ತಾಗದಂತೆ ನೋಡಿಕೊಂಡು, ಅನಂತರ ಕೆಲವು ಗಂಟೆಗಳ ಕಾಲ ಕತ್ತಲ ಕೋಣೆಯಲ್ಲಿ ಆಳವಾದ ತಣ್ಣೀರಿನಲ್ಲಿ ನಿಲ್ಲಿಸತಕ್ಕದ್ದು. ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಹಾಕಬೇಕು. ಇದರ ರಸ ಕೆಲವರ ಚರ್ಮಕ್ಕೆ ಉರಿ ತರುವುದರಿಂದ ಕೈಚೀಲ ತೊಡುವುದು ಕ್ಷೇಮ.

ಜೋಡಣೆಯಲ್ಲಿ ಜಪಾನೀಯರ ಮಿತವನ್ನು ನಾನು ಮೆಚ್ಚುತ್ತೇನೆ. ತಂತಿಯಂತಹ ಕಾಂಡವನ್ನು ಕಂಡು ಅವರು ಈ ಬಳ್ಳಿಗೆ ‘ತೆಸ್ಸೆನ್’, ಅಂದರೆ ಕಬ್ಬಿಣದ ತಂತಿ, ಎಂದು ಹೆಸರಿಟ್ಟರು. ಬೇಸಗೆಯ ಚಹಾಗೃಹದ ಹೂಜೋಡಣೆಯಲ್ಲಿ ಇದಕ್ಕೆ ಸ್ಥಾನವುಂಟು. ಬಿದಿರ ಬುಟ್ಟಿಯಲ್ಲಿ ಒಂದು ಹೂವು, ಒಂದು ಮೊಗ್ಗು ಸಾಕು, ಡೊಂಕನ್ನು ತಿದ್ದಬಾರದು. ತೊಟ್ಟು ತೀರ ಗಿಡ್ಡವಾದರೆ ಅಗಲವಾದ ಬೋಗುಣಿಯ ನೀರಿನಲ್ಲಿ ತೇಲಬಿಡಬಹುದು.

ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಇದೇ ಕುಲದ ಗೌರಿಯಾನ ಎಂಬ ಕಾಡುಬಳ್ಳಿಯಿದೆ. ಅದರ ಹೂವು ಕಿರಿದು, ಮಾಸಲು ಬಿಳುಪು. ನಿಜವಾದ ಸೊಗಸೆಲ್ಲ ರೇಷ್ಮೆಯ ಬಾಲವುಳ್ಳ ಕಾಯಿಗೊಂಚಲಿನಲ್ಲಿ. ಅಂತಹ ಗೊಂಚಲನ್ನು ಒಣಗಿಸಿ ಇಡುವುದಾದರೆ ಬಾಲಗಳು ನಯವಾಗಿ ಹೊಳೆಯುತ್ತಿರುವಾಗಲೇ ಕೊಯ್ಯಬೇಕು. ಅವು ನವಿರೆದ್ದ ಮೇಲೆ ತಂದರೆ ಮನೆತುಂಬ ಹಾರಾಡುವವು.