ಉಪ್ಪೇ ಇಲ್ಲದ ಅಡುಗೆಮನೆ

ಒಂದು ಕೋಳಿಮೊಟ್ಟೆಗೆ 50 ನಾಣ್ಯ. ಅದನ್ನೇ ಕಾವಲಿಯ ಮೇಲೆ ಒಡೆದು ಬುಲ್ಸ್‌ಐ ಮಾಡಿ ಮಾರಿದರೆ 35 ನಾಣ್ಯ. ಸೌದೆ ಪುಕ್ಕಟೆ, ಕೂಲಿ ಪುಕ್ಕಟೆ ಎಂದುಕೊಂಡರೂ 15 ನಾಣ್ಯ ನಷ್ಟ. ಯಾವ ಹೋಟೆಲಿನವನೂ ಇಂಥ ವ್ಯಾಪಾರಕ್ಕೆ ಕೂರಲಾರ. ಆದರೆ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ವಿಡಿಯೊ ಗೇಮಿನ ಹಳ್ಳಿಯಲ್ಲಿ ಇದೇ ಕಾನೂನು. 2016ರ ಫೆಬ್ರುವರಿ 26ರಂದು ಬಿಡುಗಡೆಯಾದ ಈ ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು 2024ರ ಕೊನೆಯ ಹೊತ್ತಿಗೆ ಮಾರಾಟವಾಗಿದ್ದವು. ಅಷ್ಟು ಜನ ಆಟಗಾರರು ನಷ್ಟದ ಈ ಒಲೆಯನ್ನು ಯಾಕೆ ಹಚ್ಚುತ್ತಾರೆ?

ಅಮೆರಿಕದ ಸಿಯಾಟಲ್ ಕಡೆಯ ಎರಿಕ್ ಬರೋನ್ ಈ ಆಟವನ್ನು ಸುಮಾರು ನಾಲ್ಕೂವರೆ ವರ್ಷ ಒಬ್ಬರೇ ಕೂತು ಕಟ್ಟಿದರು. ಕೋಡ್, ಚಿತ್ರ, ಸಂಗೀತ, ಮಾತುಕತೆ ಎಲ್ಲವೂ ಅವರದೇ. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಹಾರ್ವೆಸ್ಟ್ ಮೂನ್’ ಸರಣಿಯ ಆಟಗಳೇ ಅವರಿಗೆ ಪ್ರೇರಣೆ. ಪಟ್ಟಣದ ಕಚೇರಿ ಕೆಲಸಕ್ಕೆ ಬೇಸತ್ತು, ಅಜ್ಜ ಬಿಟ್ಟುಹೋದ ಪಾಳು ಜಮೀನಿಗೆ ಬರುವ ನಾಯಕನ ಕೈಯಲ್ಲಿ ಇರುವುದು 500 ನಾಣ್ಯ ಮತ್ತು ಪಾರ್ಸ್‌ನಿಪ್ ಎಂಬ ಬಿಳಿ ಗೆಡ್ಡೆಯ 15 ಬೀಜ. ಮನೆಯಲ್ಲಿ ಹಾಸಿಗೆ ಉಂಟು, ಟೀವಿ ಉಂಟು. ಅಡುಗೆಮನೆ ಮಾತ್ರ ಇಲ್ಲ. ಅದು ಬೇಕೆಂದರೆ ಊರಿನ ಬಡಗಿ ರಾಬಿನ್‌ಗೆ 10,000 ನಾಣ್ಯ ಮತ್ತು 450 ಮರದ ತುಂಡು ಕೊಡಬೇಕು. ಆಕೆ ಮೂರು ದಿನದಲ್ಲಿ ಒಲೆ, ಫ್ರಿಜ್ ಸಮೇತ ಕಟ್ಟಿಕೊಡುತ್ತಾಳೆ.

ಒಂದು ಸಾಲಿನ ಪಾಕವಿಧಾನ

ಒಲೆಯ ಮೇಲೆ ಕ್ಲಿಕ್ ಮಾಡಿದರೆ ತಿನಿಸುಗಳ ಚಿತ್ರಪಟ್ಟಿ ತೆರೆಯುತ್ತದೆ. ಕಲಿಯದೇ ಇರುವ ತಿನಿಸು ಬರೀ ಕಪ್ಪು ನೆರಳು. ಕಲಿತಿದ್ದು, ಸಾಮಾನು ಸಾಲದಿದ್ದರೆ ಮಸುಕು. ಎಲ್ಲ ಸರಿಯಿದ್ದರೆ ಒಂದೇ ಕ್ಲಿಕ್ಕಿಗೆ ಅಡುಗೆ ಮುಗಿಯಿತು.

ಒಳಗೆ ನಡೆಯುವುದು ಇಷ್ಟೇ: ಆಟದ ದತ್ತಾಂಶ ಕಡತದಲ್ಲಿ ಪ್ರತಿ ತಿನಿಸಿಗೂ ಒಂದೊಂದು ಸಾಲು ಇದೆ. ಯಾವ ಪದಾರ್ಥ, ಎಷ್ಟು. ಕೊನೆಗೆ ಸಿಗುವುದು ಯಾವ ವಸ್ತು. ಇದನ್ನು ಕಲಿಯಲು ಯಾವ ಷರತ್ತು. ಪದಾರ್ಥಗಳಿಗೆಲ್ಲ ಸಂಖ್ಯೆಗಳೇ ಹೆಸರು. ಬುಲ್ಸ್‌ಐನ ಸಂಖ್ಯೆ 194. ಅದರ ಪದಾರ್ಥದ ಜಾಗದಲ್ಲಿ ‘-5’ ಎಂದು ಬರೆದಿದೆ. ಋಣ ಸಂಖ್ಯೆ ಬಂದರೆ ಅದು ಒಂದು ನಿರ್ದಿಷ್ಟ ವಸ್ತುವಿನ ಬದಲು ಇಡೀ ವರ್ಗವನ್ನು ಸೂಚಿಸುತ್ತದೆ. -5 ಎಂದರೆ ಯಾವುದೇ ಮೊಟ್ಟೆ, -6 ಎಂದರೆ ಯಾವುದೇ ಹಾಲು, -4 ಎಂದರೆ ಯಾವುದೇ ಮೀನು. ಕಂಪ್ಯೂಟರು ನಿಮ್ಮ ಚೀಲವನ್ನೂ ಫ್ರಿಜ್ಜನ್ನೂ ತಡಕಿ, ಬೇಕಾದಷ್ಟು ಇದ್ದರೆ ಕಳೆಯುತ್ತದೆ, 194ನೇ ವಸ್ತುವನ್ನು ಕೂಡಿಸುತ್ತದೆ. ಅಡುಗೆ ಎಂದರೆ ಒಂದು ಕಳೆಯುವ ಲೆಕ್ಕ, ಒಂದು ಕೂಡುವ ಲೆಕ್ಕ.

ಈ ಸಾಲಿನಲ್ಲಿ ಏನೇನಿಲ್ಲ ಎಂಬುದೂ ಗಮನಿಸಬೇಕಾದದ್ದೇ. ಉರಿ ಇಲ್ಲ, ಹದ ಇಲ್ಲ, ಹೊತ್ತು ಇಲ್ಲ. ಒಬ್ಬರೇ ಆಡುವಾಗ ಪಟ್ಟಿ ತೆರೆದಿರುವಷ್ಟು ಹೊತ್ತು ಆಟದ ಗಡಿಯಾರವೇ ನಿಂತಿರುತ್ತದೆ. ಯಾವುದೂ ಸೀಯುವುದಿಲ್ಲ, ಉಕ್ಕುವುದಿಲ್ಲ, ಫ್ರಿಜ್ಜಿನಲ್ಲಿಟ್ಟದ್ದು ವರ್ಷವಾದರೂ ಹಳಸುವುದಿಲ್ಲ. ಚಿನ್ನದ ನಕ್ಷತ್ರದ ಉತ್ಕೃಷ್ಟ ತರಕಾರಿ ಹಾಕಿದರೂ ಊಟದ ದರ್ಜೆ ಸಾಮಾನ್ಯವೇ. ಊರಿನ ಅಂಗಡಿಯಲ್ಲಿ ಸಕ್ಕರೆ, ಗೋಧಿ ಹಿಟ್ಟು, ಅಕ್ಕಿ, ಎಣ್ಣೆ, ವಿನೆಗರ್ ಸಿಗುತ್ತವೆ. ಉಪ್ಪು ಮಾತ್ರ ಇಡೀ ಕಣಿವೆಯಲ್ಲಿ ಎಲ್ಲಿಯೂ ಇಲ್ಲ. ‘ಉಪ್ಪಿಗಿಂತ ರುಚಿಯಿಲ್ಲ’ ಎನ್ನುವ ನಮಗೆ ಇದು ಆಘಾತವೇ. ಆದರೆ ನಾಲಿಗೆಯೇ ಇಲ್ಲದ ಪಾತ್ರಕ್ಕೆ ಉಪ್ಪೇಕೆ?

ತಿನ್ನುವುದಕ್ಕೊಂದು ಅಂಕ

ನಾಲಿಗೆಯ ಬದಲು ಆ ಪಾತ್ರಕ್ಕೆ ಇರುವುದು ಒಂದು ಅಂಕೆ. ಆಟದ ಪ್ರತಿ ವಸ್ತುವಿಗೂ ‘ತಿನ್ನಬಹುದಾದ ಅಂಕ’ ಒಂದಿದೆ. ಅದನ್ನು 2.5ರಿಂದ ಗುಣಿಸಿದರೆ ದೊರೆಯುವ ಶಕ್ತಿ. ಆ ಶಕ್ತಿಯನ್ನು 0.45ರಿಂದ ಗುಣಿಸಿದರೆ ಆರೋಗ್ಯ. ಹಸಿ ಮೊಟ್ಟೆಯ ಅಂಕ 10, ಹಾಗಾಗಿ 25 ಶಕ್ತಿ, 11 ಆರೋಗ್ಯ. ಬುಲ್ಸ್‌ಐ ಅಂಕ 20, ಅಂದರೆ 50 ಶಕ್ತಿ, 22 ಆರೋಗ್ಯ. ಕೆಂಪು ಅಣಬೆಯ ಅಂಕ -20. ತಿಂದರೆ 50 ಶಕ್ತಿ ಇಳಿದುಹೋಗುತ್ತದೆ. ಕಲ್ಲು, ಮರದಂತೆ ಬಾಯಿಗೇ ಹಾಕಲಾಗದ ವಸ್ತುಗಳಿಗೆ -300.

ಮೊಟ್ಟೆಯ ಲೆಕ್ಕ ನಿಜಜೀವನಕ್ಕೆ ಅಷ್ಟೇನೂ ದೂರವಿಲ್ಲ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಮನುಷ್ಯರ ಕರುಳಿನಲ್ಲಿ ಮೊಟ್ಟೆಯ ಪ್ರೋಟೀನು ಎಷ್ಟು ಜೀರ್ಣವಾಗುತ್ತದೆ ಎಂದು ಅಳೆದರು. ಬೇಯಿಸಿದ ಮೊಟ್ಟೆಯದು ಸುಮಾರು ಶೇ 91, ಹಸಿಯದು ಸುಮಾರು ಶೇ 51. ಬಿಸಿಗೆ ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಂಡು ಜೀರ್ಣರಸಗಳಿಗೆ ಸುಲಭ ತುತ್ತಾಗುತ್ತವೆ. ಬೇಯಿಸುವುದರಿಂದ ಅದೇ ಆಹಾರದಿಂದ ದೇಹಕ್ಕೆ ದಕ್ಕುವ ಪಾಲು ಹೆಚ್ಚುತ್ತದೆ ಎಂಬುದನ್ನು ಆಟ ‘ಎರಡರಷ್ಟು’ ಎಂಬ ಒಂದೇ ಏಟಿಗೆ ಹೇಳಿ ಮುಗಿಸಿದೆ.

ಈಗ 15 ನಾಣ್ಯದ ನಷ್ಟಕ್ಕೆ ಬರೋಣ. ಆರಂಭದಲ್ಲಿ ನಾಯಕನ ಶಕ್ತಿ 270. ಹೊಸಬ ಒಂದು ಮಡಿಗೆ ನೀರು ಹಾಯಿಸಿದರೆ 2 ಶಕ್ತಿ ಖರ್ಚು. ಮೊಟ್ಟೆಯನ್ನು ಹಸಿಯಾಗಿ ಕುಡಿಯದೆ ಕಾಯಿಸಿ ತಿಂದರೆ ಹೆಚ್ಚುವರಿ 25 ಶಕ್ತಿ, ಅಂದರೆ ಇನ್ನೂ 12 ಮಡಿಗೆ ನೀರು. ಮಾರುವವನಿಗೆ ನಷ್ಟವಾಗಿ ಕಂಡದ್ದು ದುಡಿಯುವವನಿಗೆ ಲಾಭ.

ಕಾಯುವವರಿಗೆ ಹಣ

ಹಾಗಾದರೆ ಈ ಹಳ್ಳಿಯಲ್ಲಿ ಮೌಲ್ಯವರ್ಧನೆ ಎಂಬುದೇ ಇಲ್ಲವೇ? ಉಂಟು, ಆದರೆ ಒಲೆಯಲ್ಲಲ್ಲ. ಒಂದು ಸಿಹಿಗುಂಬಳಕ್ಕೆ 320 ನಾಣ್ಯ, ಹಾಲಿಗೆ 125. ಎರಡನ್ನೂ ಸೇರಿಸಿ ಸೂಪ್ ಮಾಡಿದರೆ ಸಿಗುವುದು 300. ಅದೇ ಕುಂಬಳವನ್ನು ಜಾಡಿಗೆ ಹಾಕಿ ಉಪ್ಪಿನಕಾಯಿ ಮಾಡಿದರೆ ಬೆಲೆ ಇಮ್ಮಡಿಯಾಗಿ ಮೇಲೆ 50 ಸೇರುತ್ತದೆ: 690. ಪೀಪಾಯಿಗೆ ಹಾಕಿ ರಸವಾಗಿಸಿದರೆ ಎರಡೂಕಾಲು ಪಟ್ಟು: 720. ಹಣ್ಣಿನಿಂದ ವೈನ್ ಮಾಡಿದರೆ ಮೂರು ಪಟ್ಟು.

ವ್ಯತ್ಯಾಸ ಇರುವುದು ಕಾಲದಲ್ಲಿ. ಜಾಡಿ ಎರಡು ಮೂರು ದಿನ ಕೇಳುತ್ತದೆ, ತರಕಾರಿ ರಸ ಸುಮಾರು ನಾಲ್ಕು ದಿನ, ವೈನ್ ಸುಮಾರು ಒಂದು ವಾರ. ಹುದುಗುವ ವಸ್ತುವಿಗೆ ಆತುರ ಸಲ್ಲದು ಎಂಬ ಸತ್ಯವನ್ನು ಆಟ ಯಂತ್ರಗಳಲ್ಲಿ ಉಳಿಸಿಕೊಂಡಿದೆ. ಒಲೆ ಕ್ಷಣದಲ್ಲಿ ಕೆಲಸ ಮುಗಿಸುತ್ತದೆ. ಅದಕ್ಕೂ ಲಾಭದ ಬೆಲೆ ಇಟ್ಟಿದ್ದರೆ ಆಟಗಾರರು ದಿನವಿಡೀ ಒಲೆ ಮುಂದೆ ಕೂತು ಕ್ಲಿಕ್ಕಿಸಿಯೇ ಶ್ರೀಮಂತರಾಗುತ್ತಿದ್ದರು. ಹೊಲ ಬೀಳು ಬೀಳುತ್ತಿತ್ತು. ಅಲ್ಲೊಂದು ಇಲ್ಲೊಂದು ಅಪವಾದ ಇದೆ. ‘ಯಾವುದೇ ಮೀನು’ ಒಂದಿದ್ದರೆ ಸಶಿಮಿ ಆಗುತ್ತದೆ, ಬೆಲೆ 75. 40 ನಾಣ್ಯದ ಸಾರ್ಡೀನ್ ಅಂದರೆ ಭೂತಾಯಿ ಜಾತಿಯ ಮೀನು ಹಿಡಿದವನಿಗೆ ಇದು ಒಳ್ಳೆಯ ವ್ಯಾಪಾರ.

ಊಟದಿಂದ ಬರುವ ಬಲ

ದೊಡ್ಡ ಊಟಗಳು ಶಕ್ತಿಯ ಜತೆಗೆ ತಾತ್ಕಾಲಿಕ ಬಲವನ್ನೂ ಕೊಡುತ್ತವೆ. ಆಟಗಾರರು ಇದನ್ನು ‘ಬಫ್’ ಎನ್ನುತ್ತಾರೆ. ಒಂದು ಸಲಕ್ಕೆ ಒಂದು ಊಟದ ಬಫ್, ಒಂದು ಪಾನೀಯದ ಬಫ್. ಹೊಸದು ತಿಂದರೆ ಹಳೆಯದು ಅಳಿಸಿಹೋಗುತ್ತದೆ. ಅಂಕಿಗಳು +1, +2 ಎಂದು ಸಣ್ಣದಾಗಿ ಕಂಡರೂ ಒಳಗಿನ ಸೂತ್ರಗಳಲ್ಲಿ ದೊಡ್ಡ ಕೆಲಸ ಮಾಡುತ್ತವೆ.

ಓಟದ ಮೂಲವೇಗ 5. ಕಾಫಿ ಕುಡಿದರೆ +1, ಅಂದರೆ ಶೇ 20ರಷ್ಟು ಚುರುಕು. ಮೀನು ಹಿಡಿಯುವಾಗ ಮೀನನ್ನು ಒಳಗೆ ಇಟ್ಟುಕೊಳ್ಳಬೇಕಾದ ಹಸಿರು ಪಟ್ಟಿಯ ಉದ್ದ 96 ಪಿಕ್ಸೆಲ್. ಕೌಶಲದ ಪ್ರತಿ ಹಂತಕ್ಕೂ 8 ಪಿಕ್ಸೆಲ್ ಸೇರ್ಪಡೆ. ‘ಸೀ ಫೋಮ್ ಪುಡ್ಡಿಂಗ್’ ತಿಂದರೆ ಮೀನುಗಾರಿಕೆಗೆ +4, ಪಟ್ಟಿ 32 ಪಿಕ್ಸೆಲ್ ಹಿಗ್ಗುತ್ತದೆ. ತಿಂಗಳುಗಟ್ಟಲೆ ಅಭ್ಯಾಸದಿಂದ ಬರಬೇಕಾದದ್ದು ಒಂದು ಬಟ್ಟಲಿನಿಂದ ಕೆಲವು ನಿಮಿಷ ಸಿಕ್ಕಂತೆ.

ಎಲ್ಲಕ್ಕಿಂತ ಸ್ವಾರಸ್ಯ ಅದೃಷ್ಟದ್ದು. ಗಣಿಯಲ್ಲಿ ಕಲ್ಲು ಒಡೆದಾಗ ಕೆಳಗಿಳಿಯುವ ಏಣಿ ಸಿಗುವ ಸಂಭವ ಹೀಗೆ ಲೆಕ್ಕವಾಗುತ್ತದೆ: ಮೂಲದಲ್ಲಿ ಶೇ 2, ಅದಕ್ಕೆ, ಆ ಅಂತಸ್ತಿನಲ್ಲಿ ಉಳಿದ ಕಲ್ಲುಗಳ ಸಂಖ್ಯೆಯಿಂದ 1ನ್ನು ಭಾಗಿಸಿ ಬಂದದ್ದು, ಊಟದ ಅದೃಷ್ಟದ ಪ್ರತಿ ಅಂಕಕ್ಕೆ ಶೇ 1, ಕೊನೆಗೆ ಆ ದಿನದ ಅದೃಷ್ಟದ ಐದನೇ ಒಂದು ಭಾಗ. 50 ಕಲ್ಲು ಉಳಿದಿದ್ದರೆ ಸಾಧಾರಣ ದಿನ ಒಂದು ಕಲ್ಲಿಗೆ ಶೇ 4. ‘ಲಕ್ಕಿ ಲಂಚ್’ ತಿಂದವನಿಗೆ +3, ಅಂದರೆ ಶೇ 7. ದಿನದ ಅದೃಷ್ಟ -0.1ರಿಂದ 0.1ರ ನಡುವೆ ಆಡುತ್ತದೆ. ಅದರ ಐದನೇ ಭಾಗವೆಂದರೆ ಅತಿ ಕೆಟ್ಟ ದಿನವೂ ಕಸಿಯುವುದು ಶೇ 2 ಮಾತ್ರ. ಟೀವಿಯ ಜ್ಯೋತಿಷಿ ಏನೇ ಹೇಳಲಿ, ಊಟ ಆ ಗ್ರಹಚಾರವನ್ನು ಮೀರಿಸುತ್ತದೆ.

ಬಫ್‌ಗೂ ಗಡಿಯಾರವಿದೆ. ಆಟದ 10 ನಿಮಿಷ ನಮ್ಮ ಸುಮಾರು 7 ಸೆಕೆಂಡು. ಬೆಳಗಿನ 6ರಿಂದ ನಡುರಾತ್ರಿ 2ರವರೆಗಿನ ಇಡೀ ದಿನ ನಮ್ಮ ಸುಮಾರು 14 ನಿಮಿಷ. ಕಾಫಿಯ ಬಲ ಆಟದ 2 ಗಂಟೆ, ಎಂದರೆ ನಮ್ಮ ಒಂದೂವರೆ ನಿಮಿಷಕ್ಕೂ ಕಡಿಮೆ. ಲಕ್ಕಿ ಲಂಚ್‌ನದು 16 ಗಂಟೆ, ಹೆಚ್ಚುಕಡಿಮೆ ಇಡೀ ದಿನ. ಒಂದು ತಿನಿಸಿಗೆ ಕೈ ಹಾಕುವಾಗ ಆಟಗಾರ ನಿಜವಾಗಿ ಕೊಳ್ಳುತ್ತಿರುವುದು ಸಮಯವನ್ನು, ಇಲ್ಲವೇ ಸಂಭವನೀಯತೆಯನ್ನು.

ಕಲಿಯುವುದೇ ಕಷ್ಟ

ಆಟದಲ್ಲಿ ಅಡುಗೆಯನ್ನು ರೂಪಿಸಲು ಬೇರೆ ದಾರಿಯೂ ಇದೆ. 2017ರ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಟದಲ್ಲಿ ಐದು ಪದಾರ್ಥಗಳವರೆಗೆ ಕಡಾಯಿಗೆ ಎಸೆದು ನೋಡಬಹುದು. ಪ್ರತಿ ಪದಾರ್ಥಕ್ಕೂ ಅದರದೇ ಗುಣ. ಒಂದಕ್ಕೊಂದು ಹೊಂದದ ಗುಣಗಳು ಸೇರಿದರೆ ಪರಸ್ಪರ ಅಳಿಸಿಹೋಗುತ್ತವೆ, ಅಸಂಬದ್ಧ ಬೆರಕೆಗೆ ತಿನ್ನಲು ಹಿಂಜರಿಯುವಂಥ ಮುದ್ದೆ ಸಿಗುತ್ತದೆ. ಅಲ್ಲಿ ಅಡುಗೆ ಪ್ರಯೋಗಶಾಲೆ. ಸ್ಟಾರ್‌ಡ್ಯೂನಲ್ಲಿ ಪ್ರಯೋಗಕ್ಕೆ ಜಾಗವಿಲ್ಲ. ಮಾಡುವುದು ಸುಲಭ, ಕಲಿಯುವುದು ಕಷ್ಟ.

ಕಲಿಯುವ ಒಂದು ದಾರಿ ಟೀವಿ. ‘ಕ್ವೀನ್ ಆಫ್ ಸಾಸ್’ ಕಾರ್ಯಕ್ರಮ ಪ್ರತಿ ಭಾನುವಾರ ಒಂದು ಹೊಸ ತಿನಿಸು ಹೇಳಿಕೊಡುತ್ತದೆ, ಬುಧವಾರ ಹಳೆಯದರ ಮರುಪ್ರಸಾರ. ಆಟದ ವರ್ಷಕ್ಕೆ 28 ದಿನಗಳ ನಾಲ್ಕು ಋತು, ಅಂದರೆ 112 ದಿನ. ಎರಡು ವರ್ಷದ 224 ದಿನಗಳಲ್ಲಿ 32 ಭಾನುವಾರ, 32 ತಿನಿಸು. ಆಮೇಲೆ ಚಕ್ರ ಮೊದಲಿನಿಂದ.

ಇನ್ನೊಂದು ದಾರಿ ಸ್ನೇಹ. ಊರಿನವರೊಡನೆ ಆಪ್ತತೆ ಬೆಳೆದರೆ ಅವರೇ ಅಂಚೆಯಲ್ಲಿ ಪಾಕವಿಧಾನ ಕಳಿಸುತ್ತಾರೆ. ಸ್ನೇಹವನ್ನು ಹೃದಯದ ಚಿತ್ರಗಳಲ್ಲಿ ಅಳೆಯುತ್ತಾರೆ. ಒಂದು ಹೃದಯಕ್ಕೆ 250 ಅಂಕ, ತುಂಬ ಪ್ರಿಯವಾದ ಉಡುಗೊರೆಗೆ 80, ಹುಟ್ಟುಹಬ್ಬದ ದಿನ ಅದರ ಎಂಟು ಪಟ್ಟು. ಮೇಯರ್ ಲೂಯಿಸ್‌ನೊಡನೆ ಮೂರು ಹೃದಯವಾದರೆ ಸ್ಪಗೆಟ್ಟಿ ಮಾಡುವ ವಿಧಾನ ಬರುತ್ತದೆ. ಸ್ಪಗೆಟ್ಟಿ ಎಂದರೆ ಬಡಗಿ ರಾಬಿನ್‌ಗೆ ಪ್ರಾಣ. ಆಕೆಯೊಡನೆ ಏಳು ಹೃದಯವಾದಾಗ ಕುಂಬಳದ ಸೂಪ್ ಕಲಿಸುತ್ತಾಳೆ. ಆ ಸೂಪ್ ಅವಳ ಮಗ ಸೆಬಾಸ್ಟಿಯನ್‌ಗೆ ಅಚ್ಚುಮೆಚ್ಚು. ಒಂದು ಮನೆಯ ರುಚಿ ಇನ್ನೊಂದು ಮನೆಯ ಬಾಗಿಲು ತೆರೆಯುತ್ತ ಹೋಗುತ್ತದೆ.

ಕೆಲವು ತಿನಿಸುಗಳು ಬೇರೆ ತಿನಿಸುಗಳನ್ನೇ ಪದಾರ್ಥವಾಗಿ ಕೇಳುತ್ತವೆ. ‘ಕಂಪ್ಲೀಟ್ ಬ್ರೇಕ್‌ಫಾಸ್ಟ್’ ಬೇಕಾದರೆ ಬುಲ್ಸ್‌ಐ, ಹಾಲು, ಹ್ಯಾಶ್‌ಬ್ರೌನ್, ಪ್ಯಾನ್‌ಕೇಕ್. ಬಿಡಿಸುತ್ತ ಹೋದರೆ ಎರಡು ಮೊಟ್ಟೆ, ಒಂದು ಹಾಲು, ಆಲೂಗಡ್ಡೆ, ಎಣ್ಣೆ, ಗೋಧಿ ಹಿಟ್ಟು. ಆಲೂಗಡ್ಡೆ ವಸಂತದ ಬೆಳೆ, ಗೋಧಿ ಬೇಸಿಗೆ ಮತ್ತು ಶರತ್ಕಾಲದ್ದು. ಹಿಟ್ಟನ್ನು ಅಂಗಡಿಯಲ್ಲಿ ಕೊಳ್ಳದಿದ್ದರೆ ಒಂದೇ ತಟ್ಟೆಗೆ ಕೋಳಿಗೂಡು, ಕೊಟ್ಟಿಗೆ, ಎರಡು ಋತುಗಳ ಹೊಲ ಎಲ್ಲ ಸೇರಬೇಕು. ಒಲೆಯಲ್ಲಿ ಕಾಣದ ಕಾಲವೆಲ್ಲ ಇಲ್ಲಿ ಅಡಗಿದೆ.

2024ರಲ್ಲಿ ಈ ಆಟದ ಅಧಿಕೃತ ಅಡುಗೆ ಪುಸ್ತಕವೂ ಬಂತು, ಐವತ್ತಕ್ಕೂ ಹೆಚ್ಚು ತಿನಿಸುಗಳೊಂದಿಗೆ. ಎರಡು ಚಿತ್ರಗಳಿಂದ ಮುಗಿಯುತ್ತಿದ್ದ ಪಾಕವಿಧಾನಕ್ಕೆ ಮನುಷ್ಯರ ಅಡುಗೆಮನೆಗೆ ಬಂದ ಕೂಡಲೇ ಅಳತೆ, ಉರಿ, ಕ್ರಮ ಎಲ್ಲ ಬೇಕಾಯಿತು.

ಯಾವ ಅಣಕು ಪ್ರಪಂಚವೂ ಎಲ್ಲವನ್ನೂ ಒಳಗೊಳ್ಳಲಾರದು. ಏನು ಬಿಟ್ಟಿತು, ಏನು ಉಳಿಸಿಕೊಂಡಿತು ಎಂಬುದರಲ್ಲೇ ಅದರ ಬುದ್ಧಿ ಗೊತ್ತಾಗುತ್ತದೆ. ಸ್ಟಾರ್‌ಡ್ಯೂ ಉರಿಯನ್ನೂ ರುಚಿಯನ್ನೂ ಬಿಟ್ಟು, ಋತುವನ್ನೂ ಪರಿಚಯವನ್ನೂ ಉಳಿಸಿಕೊಂಡಿತು. ಬೆಳೆದದ್ದನ್ನೆಲ್ಲ ಮಾರಾಟದ ಪೆಟ್ಟಿಗೆಗೆ ಸುರಿಯುವ ಆಟದಲ್ಲಿ, ಮಾರದೇ ಇರಲು ಲೆಕ್ಕಾಚಾರದ ಕಾರಣ ಕೊಡುವ ಜಾಗಗಳಲ್ಲಿ ಅಡುಗೆಮನೆ ಮುಖ್ಯವಾದದ್ದು. ಸೂಪಿನ ಬೆಲೆ ಕುಂಬಳಕ್ಕಿಂತ ಕಡಿಮೆ ಇರುವುದರಿಂದಲೇ ಅದನ್ನು ಮಾರುವುದು ದಡ್ಡತನ. ಕುಡಿದರೆ ಅದೃಷ್ಟ +2, ಸೆಬಾಸ್ಟಿಯನ್‌ಗೆ ಕೊಟ್ಟರೆ ಸ್ನೇಹ +80. ಉಣ್ಣುವುದು, ಹಂಚುವುದು ಈ ಎರಡನ್ನೇ ಜಾಣತನವಾಗಿಸಲು ಬರೋನ್‌ಗೆ ಬೇಕಾದದ್ದು ಬೆಲೆಪಟ್ಟಿಯಲ್ಲಿ ಒಂದು ಸಣ್ಣ ಅಂಕಿ ಮಾತ್ರ.