ಜೂಜಿನ ಊರಿಗೆ ಗಿರಾಕಿ ಬರದಿದ್ದಾಗ
ಮೊನಾಕೊದಲ್ಲಿ ಆದಾಯ ತೆರಿಗೆ ಇಲ್ಲ. 1869ರಿಂದಲೇ ಇಲ್ಲ! ಮಾಂಟೆ ಕಾರ್ಲೊ ಕ್ಯಾಸಿನೊದ ದುಡ್ಡಲ್ಲೇ ಸಂಸಾರ ಸಾಗುತ್ತಿತ್ತು. ತಮಾಷೆ ನೋಡಿ, ಮೊನಾಕೊ ಪ್ರಜೆಗಳೇ ಅಲ್ಲಿ ಜೂಜಾಡುವಂತಿಲ್ಲ. ಕಳೆದುಕೊಳ್ಳೋರು ಹೊರಗಿನವರೇ ಆಗಬೇಕು.

1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ವಾಲ್‌ಸ್ಟ್ರೀಟ್ ಕುಸಿಯಿತು. ಆ ಹೊರಗಿನವರ ಜೇಬಿಗೇ ಕತ್ತರಿ ಬಿತ್ತು. ಗಾಯದ ಮೇಲೆ ಬರೆ ಎಳೆದಂತೆ, 1933ರಲ್ಲಿ ಫ್ರಾನ್ಸ್ ತನ್ನ ಕ್ಯಾಸಿನೊಗಳಿಗೂ ರೂಲೆಟ್ ಆಡಿಸಲು ಅನುಮತಿ ಕೊಟ್ಟಿತು. ಪಕ್ಕದ ನೀಸ್‌ನಲ್ಲೇ ರೂಲೆಟ್ ಚಕ್ರ ತಿರುಗುವಾಗ ಗಡಿ ದಾಟಿ ಯಾಕೆ ಬರಬೇಕು?

ಮಾರೋಕೆ ಇನ್ನೇನು ಉಳಿದಿತ್ತು? ಬಿಸಿಲು, ಸಮುದ್ರ, ರಸ್ತೆ. ಹೌದು, ರಸ್ತೆ! ಕುಸಿತಕ್ಕೆ ಆರು ತಿಂಗಳು ಮುಂಚೆ, ಏಪ್ರಿಲ್ 14ರಂದು, ಊರ ಬೀದಿಗಳಲ್ಲೇ ಮೊನಾಕೊದ ಮೊದಲ ಗ್ರ್ಯಾನ್ ಪ್ರಿ ಕಾರು ಓಟ ನಡೆದಿತ್ತು. ಮೂರು ಕಿಲೋಮೀಟರ್ ಚಿಲ್ಲರೆ ಸುತ್ತು, ನೂರು ಸಲ. ಕ್ಯಾಸಿನೊ ಮುಂದೆ ಹಾದು, ಕಡಿದಾದ ತಿರುವಿಳಿದು, ಸುರಂಗದೊಳಗೆ ನುಗ್ಗಿ, ಸೀದಾ ಬಂದರಿನ ಪಕ್ಕಕ್ಕೆ. ಗೆದ್ದದ್ದು ಹಸಿರು ಬಣ್ಣದ ಬುಗಾಟಿ. ಮುಗ್ಗಟ್ಟು ಬಂತೆಂದು ಈ ಓಟವನ್ನು ಕೈಬಿಡಲಿಲ್ಲ. 1937ರವರೆಗೆ ಪ್ರತಿ ವರ್ಷ ನಡೆಸಿದರು.

ಚಳಿಗಾಲದಲ್ಲಷ್ಟೇ ತುಂಬುತ್ತಿದ್ದ ಊರು ಬೇಸಿಗೆಗೂ ಬೀಚು ತೆರೆದು ಕೂತಿತು. 1932ರಲ್ಲಿ ಬ್ಯಾಲೆ ತಂಡವೊಂದೂ ಎದ್ದು ನಿಂತಿತು. ಇಷ್ಟಾದರೂ ಆದಾಯ ತೆರಿಗೆ ಮಾತ್ರ ವಾಪಸ್ ಬರಲಿಲ್ಲ!